ತವರಿಗೆ ಬರುವ ಹಕ್ಕಿಗಳು: ಕೊಕ್ಕರೆ ಬೆಳ್ಳೂರಿನ ಚರಿತ್ರೆಯಿಂದ ಒಂದು ಪಾಠ

ಪ್ರೀತಿಯ ಶಿಷ್ಯರೇ, ಬಂಧುಗಳೇ,

ಈಚಿನ ದಿನಗಳಲ್ಲಿ ದೂರವಾಣಿಯಲ್ಲಿ ಮಾತನಾಡುವಾಗ ನಿಮ್ಮಲ್ಲಿ ಹಲವರು ಒಂದೇ ಬಗೆಯ ಕೋರಿಕೆಯನ್ನು ಮುಂದಿಡುತ್ತಿದ್ದೀರಿ. "ಮೇಷ್ಟ್ರೇ, ಹಳೆಯ ರಾಜರ ಕಥೆ ಸಾಕು; ಮನಸ್ಸಿಗೆ ನೆಮ್ಮದಿ ಕೊಡುವಂಥದು, ದಿನನಿತ್ಯದ ಬಾಳಿಗೆ ಒದಗುವಂಥದು ಏನಾದರೂ ಬರೆಯಿರಿ" ಎನ್ನುತ್ತೀರಿ. ನಾನು ಬಾಳೆಲ್ಲ ಇತಿಹಾಸ ಹೇಳಿಕೊಟ್ಟವನು. ಉಪದೇಶ ಮಾಡುವ ವಿದ್ಯೆ ನನಗೆ ಒಲಿದಿಲ್ಲ. ಅದನ್ನು ಬಲ್ಲವರಿಗೇನೂ ಕೊರತೆಯಿಲ್ಲ. ಬೆಳಗಾದರೆ ಮೊಬೈಲಿನ ತುಂಬ ಸುಭಾಷಿತಗಳು ಬಂದು ಬೀಳುತ್ತವೆ. ಓದುತ್ತೇವೆ, ಮೆಚ್ಚುತ್ತೇವೆ, ಇನ್ನೊಬ್ಬರಿಗೆ ಕಳುಹಿಸುತ್ತೇವೆ, ಕಾಫಿ ಆರುವುದರೊಳಗೆ ಮರೆಯುತ್ತೇವೆ. ಆದುದರಿಂದ ನನಗೆ ಗೊತ್ತಿರುವ ದಾರಿಯಲ್ಲಿಯೇ ಬರುತ್ತೇನೆ. ಒಂದು ಊರಿನ ಚರಿತ್ರೆಯನ್ನು ಹೇಳುತ್ತೇನೆ. ಬಾಳಿಗೆ ಬೇಕಾದುದು ಅದರಲ್ಲಿದ್ದರೆ ನೀವೇ ಆರಿಸಿಕೊಳ್ಳಿ.

ಒಳ್ಳೆಯ ಸಂಕಲ್ಪ ಮಾಡುವುದು ಕಷ್ಟವಲ್ಲ. ಯುಗಾದಿಯ ದಿನ ಬೇವುಬೆಲ್ಲ ತಿನ್ನುವಾಗ ಎಷ್ಟು ಸಂಕಲ್ಪಗಳನ್ನು ಮಾಡುತ್ತೇವೆ! ನಾಳೆಯಿಂದ ಬೇಗ ಏಳುತ್ತೇನೆ, ನಡೆಯುತ್ತೇನೆ, ಸಿಟ್ಟು ಬಿಡುತ್ತೇನೆ, ದೇವರ ಮುಂದೆ ಅರೆಗಳಿಗೆ ಕೂರುತ್ತೇನೆ ಎಂದುಕೊಳ್ಳುತ್ತೇವೆ. ಒಂದು ವಾರ ನಡೆಯುತ್ತದೆ. ಆಮೇಲೆ ಹಳೆಯ ಗಾಡಿ ಹಳೆಯ ಜಾಡು. ಒಬ್ಬ ಮನುಷ್ಯನ ಸಂಕಲ್ಪವೇ ತಿಂಗಳು ತುಂಬುವುದಿಲ್ಲ. ಹಾಗಿರುವಾಗ ಒಂದು ಇಡೀ ಊರು, ಯಾವ ಗುರುವೂ ಬಂದು ದೀಕ್ಷೆ ಕೊಡದೆ, ಯಾವ ಶಾಸನವೂ ಹೆದರಿಸದೆ, ಒಂದು ಒಳ್ಳೆಯ ನಡತೆಯನ್ನು ತಲೆಮಾರುಗಳ ಕಾಲ ಉಳಿಸಿಕೊಂಡಿತೆಂದರೆ ಅದು ಹೇಗೆ ಸಾಧ್ಯವಾಯಿತು? ಈ ಬರಹ ಆ ಪ್ರಶ್ನೆಯನ್ನು ಕುರಿತದ್ದು. ಆ ಊರು ನಮ್ಮ ಮಂಡ್ಯ ಜಿಲ್ಲೆಯ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಬೆಳ್ಳೂರು ಎಂಬ ಹೆಸರಿನ ಊರುಗಳು ಹಲವು. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಂದು ಬೆಳ್ಳೂರಿದೆ. ಬೆಳ್ಳೂರು ಕ್ರಾಸ್ ಎಂದರೆ ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ನಮ್ಮ ಈ ಊರಿಗೆ ಅದರ ಹಕ್ಕಿಗಳೇ ಹೆಸರಿನ ಮುಂದೆ ನಿಂತು ಗುರುತಾದವು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು. ಮೈಸೂರಿನ ಹಳೆಯ ಹೆದ್ದಾರಿಯಲ್ಲಿ ಮದ್ದೂರಿಗೆ ಮೊದಲೇ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರು ಒಳಕ್ಕೆ ಹೋಗಬೇಕು. ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟಿ, ಮದ್ದೂರಿನ ಮೂಲಕ ಹರಿದು, ಮಳವಳ್ಳಿಯ ಸೀಮೆಯಲ್ಲಿ ಜಲಪಾತವಾಗಿ ಇಳಿದು ಕಾವೇರಿಯನ್ನು ಕೂಡುವ ಶಿಂಷಾ ನದಿ ಈ ಊರಿನ ಹತ್ತಿರದಲ್ಲಿಯೇ ಸಾಗುತ್ತದೆ. ಸುತ್ತಮುತ್ತ ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ ಮೊದಲಾದ ದೊಡ್ಡ ಕೆರೆಗಳಿವೆ. ನದಿ, ಕೆರೆ, ರಾಗಿಯ ಹೊಲ, ಕಬ್ಬು ಭತ್ತದ ಗದ್ದೆ, ಮನೆಗಳ ನಡುವೆ ಹಳೆಯ ಹುಣಸೆ ಮರಗಳು: ನೋಡಲು ಮಂಡ್ಯದ ಯಾವ ಹಳ್ಳಿಗಿಂತಲೂ ಬೇರೆಯಲ್ಲ. ತಲೆ ಎತ್ತಿ ಮರವನ್ನು ನೋಡಿದಾಗಲೇ ಬೇರೆ.

ಅಲ್ಲಿಗೆ ಮುಖ್ಯವಾಗಿ ಎರಡು ಬಗೆಯ ದೊಡ್ಡ ಹಕ್ಕಿಗಳು ಮರಿ ಮಾಡಲು ಬರುತ್ತವೆ. ಒಂದು ಹೆಜ್ಜಾರ್ಲೆ. ಬೂದು ಬಿಳುಪಿನ ಮೈ, ಉದ್ದನೆಯ ಕೊಕ್ಕು, ಕೊಕ್ಕಿನ ಮೇಲೆ ಚುಕ್ಕೆಗಳು, ಕೆಳಗೆ ತೊಗಲಿನ ಚೀಲ. ಆ ಚೀಲ ಮೀನು ಕೂಡಿಡುವ ಬುಟ್ಟಿಯೆಂದು ಮಕ್ಕಳು ಭಾವಿಸುತ್ತಾರೆ. ನಿಜವಾಗಿ ಅದು ಮೀನನ್ನು ನೀರಿನ ಸಮೇತ ಮೊಗೆಯುವ ಬಲೆ. ಇನ್ನೊಂದು ಬಣ್ಣದ ಕೊಕ್ಕರೆ: ಹಳದಿ ಕೊಕ್ಕು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟೆ, ಬಾಲದ ಬಳಿಯ ಗರಿಗಳಿಗೆ ಗುಲಾಬಿಯ ಬಣ್ಣ. ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಹೆಜ್ಜಾರ್ಲೆಗಳು ಬಂದಿಳಿಯುತ್ತವೆ. ಕೊಕ್ಕರೆಗಳು ಸ್ವಲ್ಪ ತಡವಾಗಿ ಬರುತ್ತವೆ. ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಬೇಸಗೆಯನ್ನು ಅಲ್ಲಿಯೇ ಕಳೆದು, ಮುಂಗಾರು ಸಮೀಪಿಸುವಾಗ ಹೊರಟುಹೋಗುತ್ತವೆ. ಅಂದರೆ ವರ್ಷದಲ್ಲಿ ಸರಿಸುಮಾರು ಅರ್ಧ ಕಾಲ ಅವು ಆ ಊರಿನ ಒಕ್ಕಲುಗಳು. ಕಾಡಿನಲ್ಲಲ್ಲ, ಊರ ಹೊರಗಿನ ತೋಪಿನಲ್ಲಲ್ಲ. ಅಂಗಳದ ಮರದಲ್ಲಿ, ದನದ ಕೊಟ್ಟಿಗೆಯ ಮೇಲೆ ಚಾಚಿದ ಕೊಂಬೆಯಲ್ಲಿ ಅವುಗಳ ಸಂಸಾರ.

ಈಗ ಚರಿತ್ರೆಗೆ ಬರೋಣ. ಊರಿನ ಹಿರಿಯರು ಪರಂಪರೆಯಾಗಿ ಹೇಳಿಕೊಂಡು ಬಂದಿರುವ ಮಾತೊಂದಿದೆ. ಮೊದಲು ಬೆಳ್ಳೂರು ಈಗಿನ ಜಾಗದಲ್ಲಿರಲಿಲ್ಲ. ಶಿಂಷಾ ನದಿಯ ದಡದಲ್ಲಿತ್ತು. 1916ರ ಸುಮಾರಿಗೆ ಪ್ಲೇಗು ಬಡಿದು, ಜನ ಹಳೆಯ ಊರನ್ನು ತೊರೆದು ಈಗಿನ ಜಾಗಕ್ಕೆ ಬಂದರು. ಆಗ ಹಕ್ಕಿಗಳೂ ಅವರ ಹಿಂದೆಯೇ ಬಂದವು ಎನ್ನುತ್ತಾರೆ.

ಈ ಮಾತಿನ ತೂಕ ತಿಳಿಯಬೇಕಾದರೆ ಆ ಕಾಲದ ಪ್ಲೇಗೆಂದರೆ ಏನು ಎಂಬುದನ್ನು ನೆನೆಯಬೇಕು. ಮೈಸೂರು ಸಂಸ್ಥಾನಕ್ಕೆ ಈ ಮಹಾಮಾರಿ ಕಾಲಿಟ್ಟದ್ದು 1898ರಲ್ಲಿ. ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳಲ್ಲಿ ಜನ ಸತ್ತು, ಗಾಳಿ ಬೆಳಕುಗಳಿರುವ ಹೊಸ ಬಡಾವಣೆಗಳು ಬೇಕೆಂಬ ಅರಿವಿನಿಂದ ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. ಹಳ್ಳಿಗಳಲ್ಲಿ ಅಂಥ ಏರ್ಪಾಟು ಎಲ್ಲಿ ಬರಬೇಕು? ಅಲ್ಲಿ "ಇಲಿ ಬಿತ್ತು" ಎಂಬ ಮಾತೇ ಎಚ್ಚರಿಕೆಯ ಗಂಟೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪಾತ್ರೆ ಪಗಡಿ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು, ಮಾರಮ್ಮನಿಗೆ ಹರಕೆ ಹೊರುವುದು. ನಮ್ಮ ಅಜ್ಜ ಅಜ್ಜಿಯರ ಕಾಲದ ಎಷ್ಟೋ ಮನೆತನಗಳ ಕಥೆ ಹೀಗೆ ಊರು ಬಿಟ್ಟಲ್ಲಿಂದಲೇ ಆರಂಭವಾಗುತ್ತದೆ. ನಮ್ಮ ಬಂಧುಗಳಲ್ಲಿ ಹಿರಿಯರಾದವರಿಗೆ ಈ ಮಾತುಗಳು ಕಿವಿಯ ಮೇಲೆ ಬಿದ್ದೇ ಇರುತ್ತವೆ.

ಅಂಥ ಸಂಕಟದಲ್ಲಿ ಮನೆ, ಗುಡಿ, ಬಾವಿ ಎಲ್ಲವನ್ನೂ ಬಿಟ್ಟು ಬಂದ ಜನಕ್ಕೆ, ಮುಂದಿನ ಚಳಿಗಾಲದಲ್ಲಿ ತಮ್ಮ ಹಳೆಯ ಹಕ್ಕಿಗಳು ಹುಡುಕಿಕೊಂಡು ಬಂದು ಹೊಸ ಊರಿನ ಮರಗಳಲ್ಲಿ ಕುಳಿತದ್ದನ್ನು ಕಂಡಾಗ ಏನನ್ನಿಸಿರಬಹುದು? ಪಕ್ಷಿಶಾಸ್ತ್ರ ಬಲ್ಲವರು ಇದಕ್ಕೆ ಸರಳವಾದ ಕಾರಣವನ್ನೇ ಹೇಳಬಹುದು. ಮನುಷ್ಯರು ಓಡಾಡುವ ಕಡೆ ಹಕ್ಕಿಯ ಗೂಡಿಗೆ ಕನ್ನ ಹಾಕುವ ಪ್ರಾಣಿಗಳ ಕಾಟ ಕಡಿಮೆ. ಕಲ್ಲೆಸೆಯದ ಜನ ಇರುವ ಕಡೆಯೇ ಹಕ್ಕಿಗೆ ಕ್ಷೇಮ. ಅದು ನಿಜವೇ. ಆದರೆ ಸಾವನ್ನು ಹಿಂದೆ ಬಿಟ್ಟು ಬಂದವರ ಪಾಲಿಗೆ ಅದು "ಈ ನೆಲದಲ್ಲಿ ಬಾಳಬಹುದು" ಎಂಬ ಅಭಯದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇತಿಹಾಸದಲ್ಲಿ ಬರೆದಿಟ್ಟ ದಾಖಲೆಗೆ ಒಂದು ಬೆಲೆ, ಜನರ ನೆನಪಿಗೆ ಇನ್ನೊಂದು ಬೆಲೆ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಏನು ನಡೆಯಿತು ಎಂಬುದನ್ನು ದಾಖಲೆ ಹೇಳುತ್ತದೆ. ನಡೆದುದನ್ನು ಜನ ಯಾವ ಅರ್ಥದಲ್ಲಿ ಎದೆಯಲ್ಲಿಟ್ಟುಕೊಂಡರು ಎಂಬುದನ್ನು ನೆನಪು ಹೇಳುತ್ತದೆ.

ಬೆಳ್ಳೂರಿನವರು ಎದೆಯಲ್ಲಿಟ್ಟುಕೊಂಡ ಅರ್ಥ ಬಹು ಸರಳವಾದದ್ದು. ಈ ಹಕ್ಕಿಗಳು ಶುಭದ ಸೂಚನೆ; ಇವು ಬಂದರೆ ಮಳೆ ಬೆಳೆ ಚೆನ್ನಾಗಿರುತ್ತದೆ. ಇದಕ್ಕಿಂತ ಹೃದ್ಯವಾದ ಇನ್ನೊಂದು ಮಾತೂ ಆ ಊರಿನಲ್ಲಿದೆ: ಇವು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳು. ನಮ್ಮ ಕಡೆ ತವರು ಎಂದರೆ ಏನು ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಬಸುರಿ ಮಗಳು ಬಂದಾಗ ಮನೆಯವರು ಲೆಕ್ಕ ಬರೆಯುವುದಿಲ್ಲ. ಅವಳ ಕೂಸು ರಾತ್ರಿಯೆಲ್ಲ ಅತ್ತರೆ ನಿದ್ದೆ ಕೆಟ್ಟಿತೆಂದು ದೂರುವುದಿಲ್ಲ. ಬಾಣಂತನ ಮುಗಿಸಿ, ಮಡಿಲು ತುಂಬಿ ಕಳುಹಿಸಿ, ಮುಂದಿನ ಸಲ ಯಾವಾಗ ಬರುತ್ತಾಳೋ ಎಂದು ದಾರಿ ಕಾಯುತ್ತಾರೆ. ಹಕ್ಕಿಯನ್ನು ದೇವರೆಂದು ಕರೆದು ಗುಡಿ ಕಟ್ಟಿದ್ದರೆ ವರ್ಷಕ್ಕೊಂದು ಪೂಜೆಯಲ್ಲಿ ಕರ್ತವ್ಯ ಮುಗಿಯುತ್ತಿತ್ತೇನೋ. ಮಗಳೆಂದು ಕರೆದದ್ದರಿಂದ ಪ್ರತಿದಿನದ ಹೊಣೆ ಬಂದು ಹೆಗಲೇರಿತು.

ಆ ಹೊಣೆ ಹಗುರವಾದದ್ದೇನೂ ಅಲ್ಲ. ಹಿಂದೊಮ್ಮೆ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿದ್ದಾಗ, ಬಸ್ಸಿಳಿದ ಕೂಡಲೇ ಒಬ್ಬ ಹುಡುಗ ಮೂಗು ಮುಚ್ಚಿಕೊಂಡು, "ಸಾರ್, ಈ ನಾತದಲ್ಲಿ ಇವರು ಊಟ ಹೇಗೆ ಮಾಡ್ತಾರೆ?" ಎಂದು ಕೇಳಿದ. ಅಂದು ಕೇಳಿದವನು ಇದನ್ನು ಓದುತ್ತಿದ್ದರೆ ಈಗ ನಗುತ್ತಿರಬೇಕು. ಪ್ರಶ್ನೆ ಮಾತ್ರ ನಗುವಂಥದಲ್ಲ, ಇತಿಹಾಸದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ. ಮೀನು ತಿನ್ನುವ ನೂರಾರು ಹಕ್ಕಿಗಳ ಹಿಕ್ಕೆ ಅಂಗಳಕ್ಕೆ, ಮಾಡಿಗೆ, ಒಣಗಲು ಹಾಕಿದ ಬಟ್ಟೆಗೆ ಬೀಳುತ್ತದೆ. ಮರಿಗಳ ಬಾಯಿಂದ ಜಾರಿದ ಮೀನು ಕೆಳಗೆ ಬಿದ್ದು ಕೊಳೆಯುತ್ತದೆ. ಹಗಲು ರಾತ್ರಿ ಗದ್ದಲ. ಎಲ್ಲಕ್ಕಿಂತ ಮಿಗಿಲಾಗಿ ಹುಣಸೆಯ ಫಸಲಿನ ನಷ್ಟ. ಹುಣಸೆ ಹಣ್ಣು ಬಡಿಯುವ ಕಾಲವೂ ಹಕ್ಕಿ ಮರಿ ಸಾಕುವ ಕಾಲವೂ ಒಂದೇ. ಮರ ಹತ್ತಿ ಬಡಿದರೆ ಗೂಡು ಹಾಳು. ಬಡಿಯದಿದ್ದರೆ ವರ್ಷದ ವರಮಾನ ಹಾಳು. ಹುಣಸೆ ಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪೇ ಎಂಬ ಗಾದೆಯಿದೆಯಲ್ಲ, ಒಂದು ಹಳೆಯ ಹುಣಸೆ ಮರ ಬಡ ಒಕ್ಕಲಿನ ಮನೆಗೆ ಪಿಂಚಣಿ ಇದ್ದಂತೆ. ಅದನ್ನು ಹಕ್ಕಿಗೆ ಬಿಟ್ಟುಕೊಡುವುದೆಂದರೆ ಭಾವುಕತೆಯ ಮಾತಲ್ಲ, ಅಡುಗೆಮನೆಯ ಲೆಕ್ಕದ ಮಾತು.

ಹಾಗಾದರೆ ಊರಿಗೆ ಬಂದದ್ದೇನು? ಬಂದದ್ದು ಗೊಬ್ಬರ. ಮರದ ಬುಡದ ಸುತ್ತ ಗುಂಡಿ ತೋಡುವುದು, ಹಿಕ್ಕೆಯೆಲ್ಲ ಅದರೊಳಗೆ ಬೀಳುವಂತೆ ಮಾಡುವುದು, ಅದಕ್ಕೆ ಕೆರೆಯ ಗೋಡು ಮಣ್ಣನ್ನು ಬೆರೆಸಿ ಹೊಲಕ್ಕೆ ಹೊಡೆಯುವುದು. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಸಮೃದ್ಧವಾಗಿರುತ್ತವೆ ಎಂಬುದು ಇಂದಿನ ಕೃಷಿಶಾಸ್ತ್ರ ಹೇಳುವ ಮಾತು; ಪೈರಿನ ಬಣ್ಣ ನೋಡಿಯೇ ನಮ್ಮ ರೈತರು ಅದನ್ನು ತಿಳಿದಿದ್ದರು. ಇದನ್ನು ಹೇಳಿದಾಗ ಕೆಲವರು, "ಹಾಗಾದರೆ ನಂಬಿಕೆಯೆಲ್ಲ ಗೊಬ್ಬರಕ್ಕಾಗಿಯೇ?" ಎಂದು ಹಗುರವಾಗಿ ಮಾತಾಡುವುದುಂಟು. ನನಗೆ ಹಾಗೆ ತೋರುವುದಿಲ್ಲ. ಕೆರೆಯ ಮೀನು ಹಕ್ಕಿಯ ಹೊಟ್ಟೆ ಸೇರಿ, ಹಕ್ಕಿಯಿಂದ ಮಣ್ಣು ಸೇರಿ, ಮಣ್ಣಿನಿಂದ ರಾಗಿಯ ತೆನೆಗೆ ಬಂದು, ಮತ್ತೆ ಮನುಷ್ಯನ ತಟ್ಟೆಗೆ ಬರುವ ಈ ಸುತ್ತನ್ನು ಕಣ್ಣಾರೆ ಕಂಡವರಿಗೆ ಹಕ್ಕಿ ಶುಭವೆಂಬುದು ಮೂಢನಂಬಿಕೆಯಲ್ಲ, ಕಂಡ ಸತ್ಯ. ನಂಬಿಕೆಯ ಬೇರು ನೆಲದಲ್ಲಿದ್ದುದರಿಂದಲೇ ಅದು ಬೇಗ ಒಣಗಲಿಲ್ಲ.

ಹೊರಗಿನ ಪ್ರಪಂಚ ಈ ಊರನ್ನು ಗಮನಿಸಿದ್ದು ತಡವಾಗಿ. 19ನೆಯ ಶತಮಾನದಲ್ಲಿ ಸೈನ್ಯದ ವೈದ್ಯನಾಗಿದ್ದ ಟಿ. ಸಿ. ಜರ್ಡನ್ ಎಂಬ ಪಕ್ಷಿತಜ್ಞ ತನ್ನ 'ಬರ್ಡ್ಸ್ ಆಫ್ ಇಂಡಿಯಾ' ಗ್ರಂಥದಲ್ಲಿ, 'ಕರ್ನಾಟಿಕ್' ಸೀಮೆಯ ಹಳ್ಳಿಯೊಂದರ ನಡುವೆ ಹೆಜ್ಜಾರ್ಲೆಗಳು ಜನರಿಗೆ ಹೆದರದೆ ಗೂಡು ಕಟ್ಟಿದ್ದನ್ನು ತಾನು ನೋಡಿದುದಾಗಿ ಬರೆದಿದ್ದಾನೆ. ಅದು ನಮ್ಮ ಬೆಳ್ಳೂರೇ ಎಂದು ಅನೇಕರು ಬರೆಯುತ್ತಾರೆ. ಆದರೆ ಆ ಕಾಲದ ಇಂಗ್ಲಿಷರು 'ಕರ್ನಾಟಿಕ್' ಎನ್ನುತ್ತಿದ್ದುದು ಬಹುಮಟ್ಟಿಗೆ ಘಟ್ಟದ ಕೆಳಗಿನ ಪೂರ್ವದ ಬಯಲು ಸೀಮೆಯನ್ನು. ಆದುದರಿಂದ ಆ ಕೀರ್ತಿಯನ್ನು ಅವಸರದಿಂದ ನಮ್ಮದಾಗಿಸಿಕೊಳ್ಳುವುದು ಬೇಡ. ನಿಶ್ಚಯವಾಗಿ ಹೇಳಬಹುದಾದದ್ದು 1976ರ ಸಂಗತಿ. ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಆ ವರ್ಷ ಇಲ್ಲಿಯ ಹೆಜ್ಜಾರ್ಲೆಗಳ ನೆಲೆಯನ್ನು ಪಕ್ಷಿಪ್ರಪಂಚಕ್ಕೆ ಪರಿಚಯಿಸಿದರು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಿಸಿದ ಪುಣ್ಯಾತ್ಮರೂ ಇವರೇ. 2021ರಲ್ಲಿ ಅವರು ತೀರಿಕೊಂಡರು. ನೀವು ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ನೆರಳಿನಲ್ಲಿ ನಡೆಯುವಾಗ ಅವರ ಋಣದಲ್ಲಿ ನಡೆಯುತ್ತಿದ್ದೀರಿ.

ಊರಿನ ಸಂಗತಿ ಬೆಳಕಿಗೆ ಬಂದ ಮೇಲೆ ಅರಣ್ಯ ಇಲಾಖೆಯು ಗೂಡುಗಳಿರುವ ಮರಗಳ ಒಡೆಯರಿಗೆ, ಹುಣಸೆ ಬಡಿಯದೆ ಬಿಟ್ಟದ್ದಕ್ಕಾಗಿ, ಮರಕ್ಕೆ ಇಷ್ಟೆಂದು ಪರಿಹಾರ ಕೊಡುವ ಪದ್ಧತಿಯನ್ನು ತಂದಿತು. ಅದು ಹಣ್ಣಿನ ಪೇಟೆಯ ಬೆಲೆಗೆ ಸಮನಾಗುವುದಿಲ್ಲವೆಂಬ ಮಾತು ಊರಿನಲ್ಲಿ ಇದ್ದೇ ಇದೆ. ಹಣ ಬಂದ ಮೇಲೆ ಭಕ್ತಿ ಉಳಿಯುತ್ತದೆಯೇ ಎಂದು ಶಂಕಿಸುವವರೂ ಇದ್ದಾರೆ. ಇದನ್ನು ನಾನು ತವರಿನ ಮಾತಿನಲ್ಲಿಯೇ ತೂಗಿ ನೋಡುತ್ತೇನೆ. ಮಗಳ ಬಾಣಂತನದ ಖರ್ಚಿಗೆ ಸೋದರಮಾವ ಒಂದಿಷ್ಟು ಕೈಹಾಕಿದರೆ ತವರಿನ ಪ್ರೀತಿಗೆ ಕುಂದು ಬಂತೆಂದು ಯಾರೂ ಹೇಳುವುದಿಲ್ಲ. ಹಕ್ಕಿಗಳಿಂದ ಸಂತೋಷಪಡುವವರು ನಾಡಿನವರೆಲ್ಲ. ನಷ್ಟ ಹೊರುವವರು ಮಾತ್ರ ಒಂದು ಹಳ್ಳಿಯ ಕೆಲವೇ ಮನೆಗಳವರು ಎಂದರೆ ಅದು ಧರ್ಮವಲ್ಲ. ಒಳ್ಳೆಯತನದ ಭಾರವನ್ನು ಹಂಚಿಕೊಳ್ಳುವುದೂ ಒಳ್ಳೆಯತನವೇ.

ಕಾಲ ಮಾತ್ರ ಸುಮ್ಮನಿರುವುದಿಲ್ಲ. ರಾಸಾಯನಿಕ ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಹಿಕ್ಕೆಯ ಗುಂಡಿ ತೋಡುವ ತೊಂದರೆ ಯಾರಿಗೆ ಬೇಕು? ಹಂಚಿನ ಮನೆ ಹೋಗಿ ತಾರಸಿ ಮನೆ ಬಂದಿತು; ಮನೆ ಭಾಗವಾದಾಗ ಅಂಗಳದ ಮರಕ್ಕೂ ಕೊಡಲಿ ಬಿತ್ತು. ಹಳೆಯ ಮರಗಳು ಸತ್ತವು, ಕೆಲವು ಮಾರಾಟವಾದವು. ಅಜ್ಜಿಗೆ ಮಗಳಾಗಿ ಕಂಡ ಹಕ್ಕಿ ಮೊಮ್ಮಗನಿಗೆ ಬರಿಯ ಹಕ್ಕಿಯಾಗಿ ಕಾಣತೊಡಗಿತು. ಇದು ಆ ಊರಿನ ದೋಷವಲ್ಲ; ನಮ್ಮ ನಿಮ್ಮ ಮನೆಗಳಲ್ಲಿಯೂ ನಡೆದದ್ದು ಇದೇ. ಅಜ್ಜಿ ಬೆಳಗ್ಗೆ ಎದ್ದು ಬಾಗಿಲು ಸಾರಿಸುತ್ತಿದ್ದಳು, ತುಳಸಿಗೆ ನೀರೆರೆಯುತ್ತಿದ್ದಳು, ಉಣ್ಣುವ ಮೊದಲು ಕಾಗೆಗೊಂದು ತುತ್ತು ಇಡುತ್ತಿದ್ದಳು. ಏಕೆಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಅವಳೊಂದಿಗೇ ಅದೂ ಹೋಯಿತು. ಕೇವಲ ರೂಢಿಯಾಗಿ ಉಳಿದ ನಂಬಿಕೆ ಮೂರನೆಯ ತಲೆಮಾರನ್ನು ದಾಟುವುದು ಕಷ್ಟ. ಅದನ್ನು ಮತ್ತೆ ಯಾರಾದರೂ ಅರಿತು ಕೈಗೆತ್ತಿಕೊಳ್ಳಬೇಕು.

ಬೆಳ್ಳೂರಿನಲ್ಲಿ ಹಾಗೆ ಕೈಗೆತ್ತಿಕೊಂಡವರು ಊರಿನ ತರುಣರು. 1990ರ ದಶಕದಲ್ಲಿ, ಮೈಸೂರಿನ 'ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್' ಎಂಬ ನಿಸರ್ಗಪ್ರಿಯರ ಸಂಸ್ಥೆಯ ಒತ್ತಾಸೆಯಿಂದ, ಅವರು 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿಕೊಂಡರು. ಹೆಸರು ನೋಡಿ: ಸಂಘವಲ್ಲ, ಸಮಿತಿಯಲ್ಲ, ಬಳಗ! ಹೆಜ್ಜಾರ್ಲೆಯ ಗೂಡು ಕಡ್ಡಿಗಳನ್ನು ಒಟ್ಟಿದ ಅಟ್ಟಣೆ. ಗಾಳಿಗೋ ಮರಿಗಳ ನೂಕಾಟಕ್ಕೋ ಒಂದೊಂದು ಮರಿ ಕೆಳಗೆ ಬೀಳುತ್ತದೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ತಂದೆಗಳು ಇಳಿದು ಬಂದು ಉಣಿಸುವುದಿಲ್ಲ. ನಾಯಿಯ ಬಾಯಿಗೋ ಹಸಿವಿಗೋ ಅದು ತುತ್ತಾಗಬೇಕು. ಅಂಥ ಅನಾಥ ಮರಿಗಳನ್ನು ಎತ್ತಿ ತಂದು, ಬೇಲಿ ಕಟ್ಟಿದ ಆವರಣದಲ್ಲಿ ಇರಿಸಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕೆಲಸವನ್ನು ಬಳಗ ಮಾಡತೊಡಗಿತು. ಹೆಜ್ಜಾರ್ಲೆಯ ಮರಿ ಪೂರ್ತಿ ಹಾರಲು ಕಲಿಯಬೇಕಾದರೆ ತಿಂಗಳುಗಳೇ ಬೇಕು. ಅಷ್ಟು ದಿನವೂ, ಹಬ್ಬವಿರಲಿ ಮದುವೆಯಿರಲಿ, ಅದಕ್ಕೆ ಮೀನು ಹೊಂಚಲೇಬೇಕು. ಶಾಲೆಯ ಮಕ್ಕಳಿಗೆ ಹಕ್ಕಿಯ ವಿಷಯ ತಿಳಿಸುವುದು, ಬಂದವರಿಗೆ ದಾರಿ ತೋರುವುದು, ಮರ ಕಡಿಯಲು ಹೊರಟವರೊಡನೆ ಕುಳಿತು ಮಾತನಾಡುವುದು ಇವೂ ಬಳಗದ ಕೆಲಸಗಳಾದವು.

ಮುಂದೆ ಕಾನೂನೂ ಜೊತೆಗೂಡಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯು 'ಸಮುದಾಯ ಮೀಸಲು' ಎಂಬ ಹೊಸ ವರ್ಗವನ್ನು ತಂದಿತು. ಜನರನ್ನು ಎಬ್ಬಿಸದೆ, ಅವರ ಜಮೀನು ಅವರಲ್ಲಿಯೇ ಇದ್ದು, ಅವರೇ ಸೇರಿ ಕಾಪಾಡುವ ನೆಲೆಗಳಿಗೆ ಈ ಹೆಸರು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಎಂದು ಘೋಷಿತವಾಯಿತು. 1940ರಲ್ಲಿ, ಸಲೀಂ ಅಲಿಯವರ ಸಲಹೆಯ ಮೇರೆಗೆ, ಮೈಸೂರು ಸರ್ಕಾರ ರಂಗನತಿಟ್ಟನ್ನು ಪಕ್ಷಿಧಾಮವನ್ನಾಗಿ ಮಾಡಿದ್ದನ್ನು ನೀವು ಬಲ್ಲಿರಿ. ಅಲ್ಲಿ ಹಕ್ಕಿಗೂ ಮನುಷ್ಯನಿಗೂ ನಡುವೆ ಕಾವೇರಿಯ ನೀರಿದೆ. ಇಲ್ಲಿ ನಡುವೆ ಇರುವುದು ಮನುಷ್ಯನ ಮನಸ್ಸು ಮಾತ್ರ.

ಆ ಮನಸ್ಸಿಗೆ ದೊಡ್ಡ ಆಘಾತ ತಂದದ್ದು 2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳು. ಬಾಣಂತನಕ್ಕೆ ಬಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದರಂತೆ ಮರದಿಂದ ಬಿದ್ದು ಸತ್ತವು. ಹತ್ತಾರು ಹಕ್ಕಿಗಳು ಹೋದವು. ಪರೀಕ್ಷೆ ಮಾಡಿದ ಪಶುವೈದ್ಯರಿಗೆ ಅವುಗಳ ಹೊಟ್ಟೆಯಲ್ಲಿ ದುಂಡು ಜಂತುಹುಳುಗಳು ಕಂಡವು. ಇಂಥ ಹುಳುಗಳ ಮರಿಗಳು ಮೀನಿನ ಮೈಯಲ್ಲಿದ್ದು, ಮೀನು ತಿಂದ ಹಕ್ಕಿಯ ಹೊಟ್ಟೆ ಸೇರುತ್ತವೆ. ಊರಿನ ಮರ ಕ್ಷೇಮವಾಗಿತ್ತು, ಊರಿನ ಜನ ಕಲ್ಲೆಸೆಯಲಿಲ್ಲ. ಆದರೂ ಮಗಳು ಸತ್ತಳು. ಏಕೆಂದರೆ ಅವಳು ಉಂಡದ್ದು ಬೇರೆ ಊರುಗಳ ಕೆರೆಯಲ್ಲಿ. ಆರೋಗ್ಯದ ವಿಷಯ ಕೇಳುವ ನಿಮಗೆ ನಾನು ಹೇಳಬೇಕಾದ ಮಾತು ಇಲ್ಲಿದೆ. ನಾವು ಮನೆಯೊಳಗೆ ನೀರು ಸೋಸುವ ಯಂತ್ರ ಇಟ್ಟುಕೊಂಡು, ಸಿರಿಧಾನ್ಯ ತಿಂದು, ಆಸನ ಹಾಕಿ, ಆರೋಗ್ಯ ಸಂಪಾದಿಸಿದೆವೆಂದುಕೊಳ್ಳುತ್ತೇವೆ. ಅವು ಬೇಡವೆಂದಲ್ಲ. ಆದರೆ ನಮ್ಮ ಚರಂಡಿ ಸೇರುವ ಕೆರೆಯೇ ನಮ್ಮ ಗದ್ದೆಗೆ ನೀರು, ನಮ್ಮ ತಟ್ಟೆಗೆ ಮೀನು ಕೊಡುವುದಾದರೆ, ಒಬ್ಬರ ಆರೋಗ್ಯ ಒಬ್ಬರ ಹೊಸ್ತಿಲಲ್ಲಿ ಮುಗಿಯುವುದಿಲ್ಲ. ಪ್ಲೇಗಿನ ಕಾಲದಲ್ಲಿ ಇಲಿ ಬಿದ್ದರೆ ಊರೇ ಎಚ್ಚರಗೊಳ್ಳುತ್ತಿತ್ತು. ಇಂದು ಹಕ್ಕಿ ಬಿದ್ದರೆ ಅದಕ್ಕಿಂತ ಕಡಿಮೆ ಎಚ್ಚರ ಸಲ್ಲದು.

ಈ ಹಕ್ಕಿ ಹೋದರೆ ಇನ್ನೊಂದು ಬಂದೀತೆಂದು ಭಾವಿಸುವಂತಿಲ್ಲ. ಬರ್ಮಾ ದೇಶದ ಸಿಟಾಂಗ್ ನದಿಯ ಬಯಲಿನಲ್ಲಿ ಇದೇ ಜಾತಿಯ ಹೆಜ್ಜಾರ್ಲೆಗಳು ಲೆಕ್ಕಕ್ಕೆ ಮೀರಿ ಗೂಡು ಕಟ್ಟುತ್ತಿದ್ದುದನ್ನು 1877ರಲ್ಲಿ ಇ. ಡಬ್ಲ್ಯು. ಓಟ್ಸ್ ಎಂಬ ಆಂಗ್ಲ ಪಕ್ಷಿತಜ್ಞ ಕಂಡಿದ್ದ. 20ನೆಯ ಶತಮಾನದ ನಡುಗಾಲಕ್ಕೆ ಬರುವಷ್ಟರಲ್ಲಿ ಆ ನೆಲೆ ಇಲ್ಲವಾಗಿತ್ತು. ಅಷ್ಟು ದೊಡ್ಡ ನೆಲೆ ಅಳಿದಾಗ, ನಮ್ಮ ದಕ್ಷಿಣದ ಕೆಲವು ಹಳ್ಳಿಗಳಲ್ಲಿ ಅದೇ ಹಕ್ಕಿ ಉಳಿಯಿತು. ತಮಿಳುನಾಡಿನ ವೇಡಂತಾಂಗಲ್‌ನ ರೈತರು ತಮ್ಮ ಕೆರೆಯ ಹಕ್ಕಿಗಳನ್ನು ಸಿಪಾಯಿಗಳು ಹೊಡೆಯುತ್ತಾರೆಂದು ದೂರಿಟ್ಟು, 1798ರಲ್ಲಿ ಕಲೆಕ್ಟರ್ ಲಯನೆಲ್ ಪ್ಲೇಸನಿಂದ ಕೌಲು ಪಡೆದಿದ್ದರು. ಹಿಂದೂಪುರದ ಬಳಿಯ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರ ಮರಗಳಲ್ಲಿಯೇ ಮರಿ ಮಾಡುತ್ತವೆ. ಶಿವಗಂಗೆ ಜಿಲ್ಲೆಯ ಕೊಳ್ಳುಕುಡಿಪಟ್ಟಿಯವರು ವೇಟ್ಟಂಗುಡಿಯ ಹಕ್ಕಿಗಳು ಬೆದರದಿರಲೆಂದು ದೀಪಾವಳಿಗೆ ಪಟಾಕಿ ಹಚ್ಚುವುದನ್ನೇ ಬಿಟ್ಟಿದ್ದಾರೆ. ಭಾಷೆ ಬೇರೆ, ಮನಸ್ಸು ಒಂದೇ.

ಈಗ ನಾನು ಮೊದಲು ಎತ್ತಿದ ಪ್ರಶ್ನೆ. ಒಳ್ಳೆಯ ನಡತೆ ಉಳಿಯುವುದು ಹೇಗೆ? ಬೆಳ್ಳೂರಿನ ಚರಿತ್ರೆಯಿಂದ ನನಗೆ ತಿಳಿದುಬಂದ ಉತ್ತರ ಇದು: ನಂಬಿಕೆ ಬದುಕುವುದು ಹೇಳಿಕೊಳ್ಳುವುದರಿಂದಲ್ಲ, ಅದಕ್ಕಾಗಿ ದಿನವೂ ಸಹಿಸುವ ಸಣ್ಣ ಸಣ್ಣ ಕಷ್ಟಗಳಿಂದ. ಅಲ್ಲಿಯ ಗೃಹಿಣಿ ಒಂದು ದಿನ ಮಹಾತ್ಯಾಗ ಮಾಡಲಿಲ್ಲ. ನೂರು ದಿನ ಅಂಗಳವನ್ನು ಎರಡೆರಡು ಸಲ ಗುಡಿಸಿದಳು, ಬಟ್ಟೆಯನ್ನು ಮತ್ತೊಮ್ಮೆ ಒಗೆದಳು. ಅವಳ ಭಕ್ತಿಯೆಲ್ಲ ಆ ಪೊರಕೆಯಲ್ಲಿತ್ತು. ನಮ್ಮ ಸಂಕಲ್ಪಗಳು ಒಂದು ವಾರಕ್ಕೆ ಸಾಯುವುದು ಅವು ದೊಡ್ಡವಾಗಿರುವುದರಿಂದ, ಮತ್ತು ಅವು ನಮ್ಮನ್ನು ಕುರಿತೇ ಇರುವುದರಿಂದ. ನನ್ನ ತೂಕ, ನನ್ನ ನೆಮ್ಮದಿ, ನನ್ನ ಏಳಿಗೆ ಎಂದಾಗ ಸೋಮಾರಿತನಕ್ಕೆ ನೆಪ ಬೇಗ ಸಿಗುತ್ತದೆ. ಇನ್ನೊಂದು ಜೀವ ಹಸಿದು ಕಾದಿದೆ ಎಂದಾಗ ಕಾಲು ತಾನೇ ಏಳುತ್ತದೆ. ಬಿದ್ದ ಮರಿಗೆ ಮೀನು ತರಲು ಹೊರಟ ಹುಡುಗನಿಗೆ ಬೆಳಗಿನ ನಡಿಗೆಯ ಪ್ರಯೋಜನವನ್ನು ಯಾರೂ ಬೋಧಿಸಬೇಕಾಗಲಿಲ್ಲ.

ಆದುದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ನಿಮ್ಮ ಮನೆಯಲ್ಲಿ ತವರಿಗೆ ಬಂದ ಒಂದು ಜೀವವನ್ನು ಗುರುತಿಸಿಕೊಳ್ಳಿ. ಅದು ಬೀದಿಯ ಒಂದು ಮರವಾಗಬಹುದು, ತಾರಸಿಯ ಮೇಲೆ ಹಕ್ಕಿಗೆ ಇಡುವ ನೀರಿನ ತಟ್ಟೆಯಾಗಬಹುದು, ದಿನ ಸಂಜೆ ಮಾತಿಗಾಗಿ ಕಾಯುವ ಪಕ್ಕದ ಮನೆಯ ವೃದ್ಧರಾಗಬಹುದು. ಅದಕ್ಕೆಂದು ದಿನದಲ್ಲಿ ಒಂದು ನಿಗದಿಯಾದ ಹೊತ್ತನ್ನು, ಒಂದು ಸಣ್ಣ ತೊಂದರೆಯನ್ನು ಒಪ್ಪಿಕೊಳ್ಳಿ. ಬೇಸರವಾದ ದಿನವೂ ಮಾಡಿ; ಬೇಸರವಾದ ದಿನ ಮಾಡಿದ್ದೇ ನಿಜವಾದ ಪೂಜೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಮಾಡಿ, ಏಕೆ ಮಾಡುತ್ತೇವೆಂಬುದನ್ನು ಬಾಯಿ ಬಿಟ್ಟು ಹೇಳಿ. ನಮ್ಮ ಅಜ್ಜಿಯರು ಹೇಳದೆ ಹೋದದ್ದನ್ನು ನಾವಾದರೂ ಹೇಳಿ ಹೋಗೋಣ. ನಿಮ್ಮ ನೆರೆಯವರು ಇಂಥ ಭಾರವೊಂದನ್ನು ಹೊತ್ತಿದ್ದರೆ ಹೊಗಳಿ ಸುಮ್ಮನಾಗಬೇಡಿ, ಸೋದರಮಾವನಂತೆ ಒಂದಿಷ್ಟು ಕೈ ಹಾಕಿ.

ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ಬಿಡುವಾದರೆ ಮಕ್ಕಳೊಂದಿಗೆ ಕೊಕ್ಕರೆ ಬೆಳ್ಳೂರಿಗೆ ಹೋಗಿಬನ್ನಿ. ಹೊಸ ಎಕ್ಸ್‌ಪ್ರೆಸ್ ರಸ್ತೆಯ ಓಟದಲ್ಲಿ ತಿರುವು ತಪ್ಪೀತು. ಹಳೆಯ ರಸ್ತೆಯಲ್ಲಿ ನಿಧಾನವಾಗಿ ಹೋಗಿ. ಬಾಣಂತಿ ಇರುವ ಮನೆಗೆ ಹೋದವರು ಹೇಗೆ ನಡೆದುಕೊಳ್ಳಬೇಕೋ ಹಾಗೆ ನಡೆ ನುಡಿ ಇರಲಿ. ಹಾರನ್ ಬೇಡ, ಕೂಗಾಟ ಬೇಡ, ಮರದ ಕೆಳಗೆ ಪ್ಲಾಸ್ಟಿಕ್ ಬಿಟ್ಟು ಬರುವುದು ಬೇಡ; ಹಾರಿಸಿ ಚಿತ್ರ ತೆಗೆಯಲೆಂದು ಹಕ್ಕಿಯನ್ನು ಬೆದರಿಸುವುದಂತೂ ಬೇಡವೇ ಬೇಡ. ತೆರೆದ ಬಾಗಿಲಿನ ಎದುರು ನಿಂತಾಗ, ಅದು ಪ್ರದರ್ಶನದ ಜಾಗವಲ್ಲ, ಒಂದು ಸಂಸಾರದ ಅಂಗಳ ಎಂಬುದು ನೆನಪಿರಲಿ. ಮಗು ಮೂಗು ಮುಚ್ಚಿಕೊಂಡರೆ ಗದರಬೇಡಿ. ಈ ನಾತದ ನಡುವೆಯೇ ಮೂರು ತಲೆಮಾರು ಉಂಡು, ಮಲಗಿ, ಮಕ್ಕಳನ್ನು ಸಾಕಿ ಬಾಳಿದ್ದಾರೆ ಎಂದು ತಿಳಿಸಿ ಹೇಳಿ. ಅದಕ್ಕಿಂತ ದೊಡ್ಡ ಇತಿಹಾಸದ ಪಾಠವನ್ನು ಹೇಳಿಕೊಡುವುದು ನನಗೂ ತಿಳಿಯದು.

ಎಲ್ಲರಿಗೂ ಆಯುರಾರೋಗ್ಯಗಳು ಒದಗಲಿ. ನಿಮ್ಮ ಅಂಗಳಕ್ಕೂ ಹಕ್ಕಿಗಳು ಬರಲಿ.

ಶುಭಾಶೀರ್ವಾದಗಳೊಂದಿಗೆ,
ನಿಮ್ಮ ಮೇಷ್ಟ್ರು